ಮಾವನವರ ಸಪ್ಪೆ ತಾಟು

ನಮ್ಮ ಮಾವನವರು ಜನ್ಮದಲ್ಲಿ ನಂಬಿದ್ದು ಎರಡನ್ನೇ: ಒಂದು ದೇವರು, ಇನ್ನೊಂದು ಉಪ್ಪು. ದೇವರ ಮೇಲಾದರೂ ಆಗಾಗ ಸಿಟ್ಟು ಮಾಡಿಕೊಂಡದ್ದುಂಟು, ಉಪ್ಪಿನ ಮೇಲೆ ಎಂದೂ ಇಲ್ಲ! ಕಲ್ಲಂಗಡಿಗೆ ಉಪ್ಪು, ಪೇರಲ ಹಣ್ಣಿಗೆ ಉಪ್ಪು, ಮಜ್ಜಿಗೆಗೆ ಹಾಕಿದ್ದು ಸಾಲದೆಂದು ಮೇಲಷ್ಟು ಉಪ್ಪು. ಉಪ್ಪಿನಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುವ ಮನುಷ್ಯನನ್ನು ನೀವು ನೋಡಿದ್ದೀರಾ? ಸಿಕಂದರಾಬಾದಿನ ಹತ್ತಿರ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ನಾನು ಅಂಥವರ ಎದುರೇ ಕೂತು ದಿನಾ ಉಂಡಿದ್ದೇನೆ.

ಹೆಣ್ಣು ನೋಡಲೆಂದು ರಾಯಚೂರಿಗೆ ಬಂದಾಗ ಅವರು ನನ್ನ ಮುಖವನ್ನೇ ಸರಿಯಾಗಿ ನೋಡಲಿಲ್ಲ. ಉಪ್ಪಿಟ್ಟು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಮ್ಮಪ್ಪ ಮುಂದಕ್ಕೆ ಬಾಗಿ ಕೂತರು. "ಹುಡುಗಿ ಛಲೋ ಅದಾಳ್ರಿ. ಉಪ್ಪಷ್ಟ ಕಡಿಮಿ" ಎಂದು ತೀರ್ಪು ಕೊಟ್ಟು, ಅಂಗಿಯ ಕಿಸೆಯಿಂದ ಒಂದು ಪೊಟ್ಟಣ ತೆಗೆದು ತಾವೇ ಉದುರಿಸಿಕೊಂಡರು! ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಸಿರು ಬಾವುಟ ಮರೆತು ಡ್ಯೂಟಿಗೆ ಹೋದರೂ ಹೋದಾರು, ಆ ಪೊಟ್ಟಣ ಮರೆತವರಲ್ಲ.

ಇಂಥವರ ಕಿಡ್ನಿಗಳು ಕೈಕೊಟ್ಟವು. ಬಿಪಿ ಬಹಳ ವರ್ಷಗಳಿಂದ ಇತ್ತು, ಮಾತ್ರೆ ಮರೆಯುತ್ತಿದ್ದರು. ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಮೈಯ ರಕ್ತವೆಲ್ಲ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದು ಒಳಗೆ ಬರಬೇಕು. ನೀರು ಅಳತೆ, ಹಣ್ಣು ಅಳತೆ, ಉಪ್ಪು ಬಂದ್. ಅಲ್ಲಿಂದ ಮನೆಗೆ ಬಂದವರೇ ಸೋಫಾದ ಮೇಲೆ ಕುಸಿದು ಸುದ್ದಿ ಹೇಳುತ್ತಿದ್ದರು.

"ಬಾಜೂ ಹಾಸಿಗಿ ಇವತ್ತ ಖಾಲಿ ಇತ್ತವ್ವಾ. ಟ್ರಾನ್ಸ್‌ಫರ್ ಆಗೈತಿ. ಮ್ಯಾಲಿಂದನ ಆರ್ಡರ್!"

ಅವರೊಬ್ಬರೇ ನಗುವರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗುವರು. "ನಂದೂ ಸಿಗ್ನಲ್ ಬಿದ್ದೈತಿ, ಗಾಡಿ ಯಾಕ ನಿಂತೈತೋ ತಿಳೀವಲ್ದು" ಎಂದು ಇವರು ಹಿಂದಿನಿಂದ ಕೂಗುವರು.

ಅಷ್ಟಾದರೂ ಉಪ್ಪು ಬಿಟ್ಟರೇ? ಛೇ! ಅತ್ತೆ ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಜಾಗ ಸಾಲದೆ ಬಂಗಾರದ ಬಳೆ ಹೊರಗೆ ಬಂದವು. ಮಾವನವರು ಮರುದಿನವೇ ಅಂಗಡಿಯಿಂದ ತಾವೇ ಉಪ್ಪು ತಂದು, ಅದರಿಂದ ಹಲ್ಲು ತಿಕ್ಕುವ ಹಳೆಯ ಪದ್ಧತಿಗೆ ಮರಳಿದರು, ದಿನಕ್ಕೆ ನಾಕು ಬಾರಿ! ಲಿಂಗಂಪಲ್ಲಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದವರು ಆವಕಾಯಿ ಉಪ್ಪಿನಕಾಯಿ ಕಲಸಿದ ಅನ್ನವನ್ನು ಹೊಟ್ಟೆ ತುಂಬ ಉಂಡು, ಮೇಲೆ ನೀರು ಕುಡಿದು ಬಂದರು. ರಾತ್ರಿಗೆ ಉಸಿರೇ ಸಿಗದು. ಮಲಗಿದರೆ ಮುಳುಗುತ್ತಿದ್ದಾರೇನೋ ಎಂಬಂತೆ ಎದ್ದು ಕೂರುವರು, ತುಟಿ ನೀಲಿಯಾಗಿತ್ತು. ನನ್ನ ಗಂಡ ಅವರನ್ನು ಆಟೋದಲ್ಲಿ ತಬ್ಬಿ ಹಿಡಿದುಕೊಂಡೇ ಆಸ್ಪತ್ರೆಗೆ ಒಯ್ದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ. ಇನ್ನೊಂದು ಸಲ ಹೀಗಾದರೆ ಉಳಿಸುವುದು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿ ಕಳಿಸಿದರು. ಮನೆಗೆ ಬಂದು ನನ್ನನ್ನು ಹತ್ತಿರ ಕರೆದು ಮಾವನವರು ಪಿಸುಗುಟ್ಟಿದ್ದೇನು ಗೊತ್ತೇ?

"ಆದ್ರೂ ಏನ್ ಉಪ್ಪಿನಕಾಯಿ ಅಂತೀ ಅದು!"

ನನ್ನ ಮಗಳು ಅನ್ನ ತಿನ್ನಲು ಶುರುಮಾಡಿದ್ದು ಆ ದಿನಗಳಲ್ಲೇ. ವರ್ಷ ತುಂಬುವ ತನಕ ಉಪ್ಪು ಹಾಕಬೇಡಿ, ಎಳೆ ಕಿಡ್ನಿಗೆ ಅದು ಭಾರ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಹೀಗಾಗಿ ಅತ್ತೆ ಪಲ್ಯ, ಬೇಳೆ ಏನೇ ಮಾಡಲಿ, ಉಪ್ಪು ಬೀಳುವ ಮೊದಲೇ ಕೂಸಿಗೊಂದು, ಮಾವನವರಿಗೊಂದು ಎಂದು ಎರಡು ಪಾಲು ಬೇರೆ ತೆಗೆದಿಡುತ್ತಿದ್ದರು. ಮಾವನವರು ಅದರ ಮೇಲೂ ತಮಾಷೆ ಮಾಡದೆ ಬಿಡಲಿಲ್ಲ.

"ಅಕೀದು ಇನ್ನೂ ಶುರು ಆಗಿಲ್ಲ, ನಂದು ಮುಗದೈತಿ. ನಡುವಿನ ಮಂದಿ ನೀವು, ಉಪ್ಪು ತಿಂದು ಆರಾಮ ಇರ್ರೆಪಾ!"

ಕೂಸಿಗೆ ಬೆಳ್ಳಿ ಬಟ್ಟಲು ತಂದಿದ್ದೆವು. ಅದು ಆ ಬಟ್ಟಲನ್ನು ತಲೆಗೆ ಟೋಪಿ ಮಾಡಿಕೊಂಡಿತೇ ಹೊರತು ಅದರಲ್ಲಿ ಉಣ್ಣಲಿಲ್ಲ. ಅಜ್ಜ ನೆಲಕ್ಕೆ ಕೂತು ಊಟ ಶುರುಮಾಡಿದರೆ ಸಾಕು, ಅಂಬೆಗಾಲಿಡುತ್ತಾ ಬಂದು ತಾಟಿಗೇ ಕೈ ಹಾಕುವುದು. ಅವರದೂ ಸಪ್ಪೆ ಊಟವೇ ಅಲ್ಲವೇ ಎಂದು ನಾನು ಸುಮ್ಮನಿದ್ದೆ. ಒಂದು ದಿನ ಕೂಸು ಅವರ ತಾಟಿನ ಅನ್ನ ಬಾಯಿಗಿಟ್ಟು ಚಪ್ಪರಿಸಿದ ರೀತಿ ನೋಡಿ ಸಂಶಯ ಬಂತು. ನಾನೂ ಒಂದು ಅಗುಳು ಬಾಯಿಗೆ ಹಾಕಿಕೊಂಡೆ. ಉಪ್ಪೋ ಉಪ್ಪು!

ಅವರ ಮುಂದೆ ಎಂದೂ ದನಿ ಎತ್ತಿದವಳಲ್ಲ ನಾನು. ಅಂದು ಕೂಗಿಬಿಟ್ಟೆ. "ಮಾವಾರ, ಅಕಿ ಕಿಡ್ನಿ ಇನ್ನೂ ಎಳೇವು ಅದಾವು! ಇಷ್ಟ ಉಪ್ಪು ತಡಕೊಳ್ಳೂದಿಲ್ಲ!"

"ಅಂದ್ರ... ನನ್ನಂಗ ಆಗತೈತೇನು?"

"ಏನಾಗತೈತೋ ಯಾರಿಗ್ಗೊತ್ತ್ರಿ?"

ಅವರು ತಮಾಷೆ ಮಾಡಲಿಲ್ಲ. ಕೂಸಿನ ಬಾಯಿಂದ ಅನ್ನವನ್ನು ಬೆರಳಿನಿಂದ ತೆಗೆದು ಒರೆಸಿದರು. ಎದ್ದು ಹೋಗಿ ಕಿಸೆಯಲ್ಲಿದ್ದ ಪೊಟ್ಟಣವನ್ನು ಬಚ್ಚಲಿಗೆ ಸುರಿದರು. ಆಮೇಲೆ ಅಂಗಿಯನ್ನೂ ಒಗೆಯಲು ಹಾಕಿದರು.

ಅಲ್ಲಿಂದ ಶುರುವಾಯಿತು ಇನ್ನೊಂದು ಹುಚ್ಚು! ಉಪ್ಪನ್ನು ಪೂಜಿಸುತ್ತಿದ್ದವರು ಉಪ್ಪಿನ ಪೊಲೀಸರಾದರು. ಕೂಸನ್ನು ಎತ್ತಿಕೊಳ್ಳುವವರೆಲ್ಲ ಮೊದಲು ಕೈ ತೊಳೆಯಬೇಕು, ಹಪ್ಪಳ ಮುಟ್ಟಿದ ಕೈ ಇರಬಹುದು! ಪಕ್ಕದ ಮನೆಯ ತೆಲುಗು ಆಂಟಿ ಪ್ರೀತಿಯಿಂದ ಬಿಸ್ಕೀಟು ಕೊಡಲು ಬಂದರೆ ಇವರು ಭೂತಕನ್ನಡಿ ಹಿಡಿದು ಪ್ಯಾಕೆಟ್ಟಿನ ಹಿಂದಿನ ಅಕ್ಷರ ಓದುತ್ತಾ ನಿಂತರು.

"ಒಕ್ಕಟೇ ಅಂಡಿ, ಏಂ ಕಾದು" ಎಂದು, ಒಂದರಿಂದ ಏನೂ ಆಗುವುದಿಲ್ಲ ಎಂಬಂತೆ, ಆಕೆ ನಕ್ಕರು.

"ನನಗೂ ಹಂಗ ಅಂದಿದ್ರಮ್ಮಾ" ಎಂದು ಇವರು ಕನ್ನಡದಲ್ಲೇ ಉತ್ತರ ಕೊಟ್ಟು ಬಾಗಿಲು ಹಾಕಿದರು! ಆಕೆ ಆಮೇಲೆ ಬಹಳ ದಿನ ನಮ್ಮನ್ನು ಮಾತಾಡಿಸಲಿಲ್ಲ.

ಆದರೆ ಅಜ್ಜ ಮೊಮ್ಮಗಳು ಒಂದೇ ತಾಟಿನಲ್ಲಿ ಸಪ್ಪೆ ಅನ್ನ, ಸಪ್ಪೆ ಸೋರೆಕಾಯಿ ಉಣ್ಣುತ್ತಾ ಹೋದಂತೆ ಅವರ ಕಾಲಿನ ಬಾವು ಇಳಿಯಿತು. ಉಸಿರು ಹಗುರಾಯಿತು. ಯಾವ ಔಷಧಿ ಕೆಲಸ ಮಾಡಿತೆಂದು ಡಾಕ್ಟರಿಗೇ ಆಶ್ಚರ್ಯ. ಅತ್ತೆಗೆ ಗೊತ್ತಿತ್ತು.

ಮಗಳಿಗೆ ವರ್ಷ ತುಂಬಿತು. ಇನ್ನು ಮನೆಯ ಅಡುಗೆಯನ್ನೇ ಕೊಡಿ, ಉಪ್ಪು ಸ್ವಲ್ಪ ಹಿಡಿತದಲ್ಲಿರಲಿ ಎಂದರು ಮಕ್ಕಳ ಡಾಕ್ಟರು. ನಾನು ಬಂದು ಅತ್ತೆಗೆ ಸಂಭ್ರಮದಿಂದ ಹೇಳಿದರೆ, ಅವರು ನನ್ನ ಕೈ ಹಿಡಿದುಕೊಂಡರು.

"ಅವರಿಗೆ ಹೇಳಬ್ಯಾಡವ್ವಾ. ಕೂಸಿನ ತಾಟು ಬ್ಯಾರೆ ಆತಂದ್ರ ಇವರು ಮತ್ತ ಉಪ್ಪಿಗೆ ಬೀಳ್ತಾರು. ಈ ಸಲ ಹೋಗೇಬಿಡ್ತಾರು. ಇನ್ನ ಸ್ವಲ್ಪ ದಿನ ಅಕಿಗೆ ಸಪ್ಪಂದ ಹಾಕೋಣಲ್ಲ?"

ಒಪ್ಪಿಕೊಂಡೆ. ಮಗಳು ನಮ್ಮ ತಾಟಿನ ಸಾರಿನತ್ತ ಕೈ ಚಾಚಿ ಅಳುವಳು. ನಾವಿಬ್ಬರೂ ಕೇಳದವರಂತೆ ಉಣ್ಣುತ್ತಿದ್ದೆವು.

ಒಂದು ಭಾನುವಾರ ಊಟದ ಹೊತ್ತಿಗೆ ಆಕೆ ಹಾಗೇ ಅಳುತ್ತಿದ್ದಳು. ಮಾವನವರು ಕೈ ಚಾಚಿ ನನ್ನ ತಾಟಿನಿಂದ ಸಾರನ್ನದ ಸಣ್ಣ ತುತ್ತು ತೆಗೆದು ಮೊಮ್ಮಗಳ ಬಾಯಿಗಿಟ್ಟರು. ಅತ್ತೆ "ಅಯ್ಯ!" ಎಂದರು. ಕೂಸು ಅಳು ನಿಲ್ಲಿಸಿ ಚಪ್ಪರಿಸಿ, ಆಮೇಲೆ ಎರಡೂ ಕೈಯಿಂದ ನೆಲ ಬಡಿದು ಇನ್ನಷ್ಟು ಕೇಳಿತು. ಮತ್ತೆ ಅಜ್ಜನ ತಾಟಿನತ್ತ ತಿರುಗಲೇ ಇಲ್ಲ. ನನ್ನ ತೊಡೆ ಏರಿ ಕೂತಿತು.

"ವರ್ಷ ತುಂಬಿ ಎಷ್ಟ ದಿನ ಆತು? ನನಗೇನು ಲೆಕ್ಕ ಬರೂದಿಲ್ಲೇನು?" ಎಂದರು ಮಾವನವರು. "ನನ್ನ ಸಲುವಾಗಿ ಕೂಸಿನ ಬಾಯಿ ಯಾಕ ಸಪ್ಪಗ ಇಡತೀರಿ?"

ಅತ್ತೆ ಅಳುತ್ತಲೇ ಕೇಳಿದರು. "ಮತ್ತ ನೀವು ಇನ್ನ ಯಾರ ಮಾತು ಕೇಳತೀರಿ?"

ಮಾವನವರು ತಲೆ ಎತ್ತಲಿಲ್ಲ. ಸಪ್ಪೆ ಅನ್ನವನ್ನು ಸಪ್ಪೆ ಬೇಳೆಗೆ ಕಲಸುತ್ತಾ ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ಅಕಿ ನನ್ನ ಅಜ್ಜಾ ಅಂತ ಕರಿಯೂದು ಒಮ್ಮೆ ಕೇಳಬೇಕನಸತೈತಿ. ಅಲ್ಲೀತನಾನರ ಇರತೀನಿ. ನೀಡು, ಇನ್ನೊಂದೀಟು ಅನ್ನ ನೀಡು."