ಸೂಡಿಯ ಹೊಂಡ ನೋಡಲು ಹೋದದ್ದು

ನಮ್ಮ ಕಡೆ ಮನುಷ್ಯರು ಊರು ಬಿಟ್ಟು ಊರಿಗೆ ಹೋಗಬೇಕಾದರೆ ತಕ್ಕ ಕಾರಣವೊಂದು ಬೇಕು. ಮದುವೆಯಿರಲಿ, ಯಾರದಾದರೂ ಮಣ್ಣಿರಲಿ, ಕೋರ್ಟಿನ ತಾರೀಖಿರಲಿ, ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆದರೆ ಒಂದು ಹಳೆಯ ಕಟ್ಟಡ ನೋಡಿ ಬರಲು ಹೋಗಿದ್ದೆ ಎಂದು ಹೇಳಿ ನೋಡಿ. ಕೇಳಿದವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಮರುಕದಿಂದ ನಿಮ್ಮ ತಾಯಿಯ ಮುಖ ನೋಡುತ್ತಾರೆ. ಧಾರವಾಡದಲ್ಲಿ ಇತಿಹಾಸ ಓದಿ ಬಂದ ಹೊಸದರಲ್ಲಿ, ನರಗುಂದದ ಗುಡ್ಡ ಹತ್ತಬೇಕೆಂಬ ನನ್ನ ಆಸೆಯನ್ನು ಒಮ್ಮೆ ಮನೆಯಲ್ಲಿ ಬಾಯಿಬಿಟ್ಟಿದ್ದೆ. ನಮ್ಮ ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಗುಡ್ಡದ ಮ್ಯಾಲ ಏನೈತಿ?"

"ಕೋಟೆ ಐತಿ, ಕಾಕಾ."

"ಕೋಟ್ಯಾಗ ಯಾರದಾರ?"

"ಈಗ ಯಾರೂ ಇಲ್ಲ."

"ಯಾರೂ ಇಲ್ಲಂದಮ್ಯಾಲ ಅಲ್ಲಿಗೆ ಹೋಗಿ ಯಾರ ಮನ್ಯಾಗ ಕುಂದ್ರಾಕಿ?"

ನರಗುಂದದ ಗುಡ್ಡವನ್ನು ನಾನು ಇಂದಿಗೂ ಮೋಟಾರು ಬಸ್ಸಿನ ಕಿಟಕಿಯಿಂದಲೇ ನೋಡುತ್ತೇನೆ.

ತಪ್ಪೆಲ್ಲ ಕಾಕಾನದೇ ಎಂದರೆ ಅನ್ಯಾಯವಾದೀತು. ಮನಸ್ಸಿನಲ್ಲಿದ್ದದ್ದನ್ನು ಎರಡನೆಯ ಸಲ ಹೇಳುವುದು ನನ್ನಿಂದಾಗದ ಕೆಲಸ. ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ಹಲ್ಲುನೋವು ಬಂದು ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದೆ. ನೋವು ಹೋಯಿತು, ಆದರೆ ಈ ಹುಡುಗಿಗೆ ಭಾರೀ ಜಂಬ ಎಂಬ ಹೆಸರು ಪದವಿ ಮುಗಿಯುವವರೆಗೂ ಹೋಗಲಿಲ್ಲ. ಸುಮ್ಮನಿರುವವರ ಬಗ್ಗೆ ಇತರರು ಸುಮ್ಮನಿರುವುದಿಲ್ಲ ಎಂಬುದನ್ನು ನಾನು ಅಂದೇ ಕಲಿಯಬೇಕಾಗಿತ್ತು.

ಈಗ ರೋಣದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುತ್ತೇನೆ. ಒಂದು ದಿನ ಸೂಡಿಯ ನಾಗಕುಂಡದ ಬಗ್ಗೆ ಹೇಳುತ್ತಿದ್ದೆ. ನಮ್ಮಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲೇ ಇರುವ ಊರು, ಕೆತ್ತನೆಯ ಗೋಡೆಗಳಿರುವ ಕಲ್ಲಿನ ಹೊಂಡ. ಪುಸ್ತಕದಲ್ಲಿದ್ದದ್ದನ್ನೆಲ್ಲ ಸೊಗಸಾಗಿ ಹೇಳಿ ಮುಗಿಸುವಷ್ಟರಲ್ಲಿ ಕಸ್ತೂರಿ ಎಂಬ ಹುಡುಗಿ ಎದ್ದು ನಿಂತಳು.

"ಅಕ್ಕಾರ, ಆ ಹೊಂಡದ ತಳಾ ಕಾಣತೈತೇನ್ರಿ?"

ಪುಸ್ತಕದಲ್ಲಿ ತಳದ ಮಾತಿರಲಿಲ್ಲ. ನಾನು ತಡವರಿಸಿದ್ದನ್ನು ಕಂಡು ಅವಳು ಇನ್ನೂ ನಯವಾಗಿ, "ನೀವು ನೋಡೀರಿಲ್ರಿ?" ಎಂದಳು. ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. "ಬರುವ ರವಿವಾರ ನೋಡಿ ಬಂದು, ಸೋಮವಾರ ಹೇಳುತ್ತೇನೆ" ಎಂದು ಮಾತು ಕೊಟ್ಟುಬಿಟ್ಟೆ. ನೋಡದೆ ಸೋಮವಾರ ಆ ತರಗತಿಗೆ ಕಾಲಿಡುವಂತಿರಲಿಲ್ಲ.

ಅದೃಷ್ಟಕ್ಕೆ ನಮ್ಮ ಸೋದರತ್ತೆ ನೀಲವ್ವ ಅದೇ ರವಿವಾರ ರೋಣದಿಂದ ತನ್ನ ಊರಾದ ಗಜೇಂದ್ರಗಡಕ್ಕೆ ಹೊರಟಿದ್ದಳು. ನಮ್ಮದು ನೇಕಾರರ ಮನೆತನ. ನನ್ನ ತಂದೆ ಮಗ್ಗ ಬಿಟ್ಟು ಕಚೇರಿ ಸೇರಿದರು. ಅತ್ತೆಯ ಮನೆಯಲ್ಲಿ ಇಂದಿಗೂ ಬೆಳಗಾದರೆ ಸೀರೆ ನೇಯುವ ಸದ್ದು. ಒಬ್ಬಳೇ ಹೋಗುವುದಕ್ಕಿಂತ ಅತ್ತೆಯ ಜೊತೆ ಸೂಡಿಯವರೆಗೆ ಹೋಗಿ ಇಳಿದು, ಸಂಜೆಯ ಮೋಟಾರಿಗೆ ತಿರುಗಿ ಬರುವುದು ಸುಲಭವಾಗಿತ್ತು.

"ಸೂಡ್ಯಾಗ ನಿಂದೇನೈತವಾ?" ಎಂದಳು ಅತ್ತೆ.

ಕೋಟೆಯ ಅನುಭವ ನೆನಪಾಗಿ, "ಸ್ವಲ್ಪ ಕೆಲಸ ಐತಿ ಅತ್ತಿ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದೆ. ಹೊಲಗಳಲ್ಲಿ ಕಡಲೆ ಹಸಿರಾಗಿತ್ತು. ಅತ್ತೆ ಬೆರಳು ಮಡಿಸುತ್ತ ಏನೋ ಲೆಕ್ಕ ಹಾಕತೊಡಗಿದಳು. ಅವಳ ಬಾಯಿ ಸುಮ್ಮನಿದ್ದರೆ ತಲೆ ಓಡುತ್ತಿದೆ ಎಂದರ್ಥ. ಸೂಡಿಯಲ್ಲಿ ನನ್ನ ಹಿಂದೆಯೇ ತಾನೂ ಇಳಿದು, ನನ್ನ ಸೆರಗನ್ನು ತಾನೇ ಸರಿಮಾಡಿ, "ನಾಚಬ್ಯಾಡ. ಕಲಿತ ಹುಡುಗ್ಯಾರು ಈಗ ಹಿಂಗ ಮಾಡೂದು ಚಲೋನ. ನಮಗಂತೂ ಯಾರೂ ಕೇಳಲಿಲ್ಲ" ಎಂದು ಕೈ ಹಿಡಿದು ನಡೆಸಿಕೊಂಡು ಹೋದಳು. ಹೊಂಡಕ್ಕೆ ಹೋಗಲು ಇಷ್ಟು ಪ್ರೋತ್ಸಾಹವೇಕೆ ಎಂದು ಅಚ್ಚರಿಯಾಯಿತು. ನಡೆದು ತಲುಪಿದ್ದು ಒಂದು ಮನೆಯ ಬಾಗಿಲಿಗೆ.

ಮನೆ ಅತ್ತೆಯ ಗಂಡನ ಕಡೆಯ ಬಳಗದವರದು. ಯಜಮಾನಿ ಈರವ್ವನ ಕಿವಿಯಲ್ಲಿ ಅತ್ತೆ ಏನೋ ಹೇಳಿದಳು. ಈರವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಓಡಿದಳು. "ಏಳೋ, ಅಂಗಿ ಹಾಕ್ಕೋ! ಹುಡುಗೀನ ಬಂದು ನಿಂತೈತಿ!" ಎಂಬ ಕೂಗು ಅಂಗಳಕ್ಕೆ ಕೇಳಿತು. ಆಗ ನನಗೆ ಎಲ್ಲವೂ ತಿಳಿಯಿತು. ಈರವ್ವನ ಮಗ ನರಗುಂದದಲ್ಲಿ ಮಾಸ್ತರ; ರವಿವಾರ ಮಾತ್ರ ಊರಿಗೆ ಬರುತ್ತಾನೆ ಎಂದು ಅತ್ತೆ ಹಿಂದೆ ಹೇಳಿದ್ದು ನೆನಪಾಯಿತು. ಮದುವೆಯಾಗದ, ಮಾತು ಕಡಿಮೆಯ ಹುಡುಗಿಯೊಬ್ಬಳು ರವಿವಾರವೇ ಸೂಡಿಗೆ ಕೆಲಸವಿದೆ ಎಂದರೆ ಅತ್ತೆ ಬೇರೇನೆಂದು ತಿಳಿಯಬೇಕು?

"ಅತ್ತಿ, ನಾ ಬಂದದ್ದು ಹೊಂಡ ನೋಡಾಕ" ಎಂದು ಪಿಸುಗುಟ್ಟಿದೆ.

"ಹೌದವಾ, ಹೌದು. ಯಾರರೆ ಕೇಳಿದ್ರ ಹಂಗ ಹೇಳೂಣು" ಎಂದು ಅತ್ತೆ ನನ್ನ ಜಾಣತನಕ್ಕೆ ಮೆಚ್ಚಿ ಬೆನ್ನು ತಟ್ಟಿದಳು.

ಅವಲಕ್ಕಿ ಬಂತು. ಚಹಾ ಬಂತು. ಓಣಿಯ ಹೆಂಗಸರು ಬಂದರು. ಸಂಜೆಯ ಮೋಟಾರು ಮಾತ್ರ ಇನ್ನೂ ಬಂದಿರಲಿಲ್ಲ. ನನ್ನ ಜೀವವೆಲ್ಲ ಅದರ ಮೇಲಿತ್ತು. ನಮ್ಮ ಬಳಗದಲ್ಲಿ ವರನನ್ನು ನೋಡುವ ಪದ್ಧತಿಯೊಂದಿದೆ. ಹುಡುಗನನ್ನು ಮಾತಾಡಿಸುವುದಿಲ್ಲ, ಮಗ್ಗದಲ್ಲಿ ಕೂಡಿಸುತ್ತಾರೆ. ಮಾತು ಯಾರಾದರೂ ಆಡಿಯಾರು. ಸೀರೆಯ ದಡಿ ನೆಟ್ಟಗೆ ಬರುತ್ತದೆಯೋ, ಎಳೆ ಹರಿದಾಗ ಅವನು ಸಿಡುಕುತ್ತಾನೋ ಇಲ್ಲವೆ ತಾಳ್ಮೆಯಿಂದ ಗಂಟು ಹಾಕುತ್ತಾನೋ ಎಂಬುದನ್ನು ನೋಡಿದರೆ ಸಂಸಾರದ ಭವಿಷ್ಯ ಗೊತ್ತಾಗುತ್ತದೆಂದು ಹಿರಿಯರ ನಂಬಿಕೆ. ಹುಡುಗ ಮಾಸ್ತರನಾದರೇನು, ಪದ್ಧತಿ ಬಿಡಲಾದೀತೆ? ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆತ ಬಂದು ತಂದೆಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ. ಎಷ್ಟೋ ವರ್ಷಗಳಿಂದ ನೂಲು ಹಾಯಿಸುವ ಲಾಳಿ ಮುಟ್ಟಿರಲಿಲ್ಲವೆಂಬುದು ಅವನ ಕೈಯಲ್ಲೇ ಕಾಣುತ್ತಿತ್ತು. ಹಗ್ಗ ಎಳೆದ. ಲಾಳಿ ಹಾರಿ ಈರವ್ವನ ಕಾಲ ಬಳಿ ಬಿತ್ತು. ಮತ್ತೆ ಎಳೆದ. ಟಪ್ಪೆಂದು ಸದ್ದಾಯಿತು.

"ಹರೀತು" ಎಂದ ಆತ, ತರಗತಿಗೆ ಉತ್ತರ ಹೇಳುವವನಂತೆ.

"ಗಂಟ ಹಾಕೋ!" ಎಂದಳು ತಾಯಿ.

"ಯಾವ ಎಳಿ ಅಂತ ಹುಡುಕಾಕತ್ತೀನಬೇ."

"ನೋಡ್ರಿ, ಸಿಟ್ಟ ಮಾತ್ರ ಬರೂದಿಲ್ಲ ನನ್ನ ಮಗಗ" ಎಂದು ಈರವ್ವ ಅತ್ತೆಯ ಕಡೆ ತಿರುಗಿದಳು. "ಸಿಟ್ಟ ಬರಾಕ ಎಳೀನರೆ ಸಿಗಬೇಕಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ಮುದುಕಿಯೊಬ್ಬಳು. ಎಲ್ಲರೂ ನಕ್ಕರು. ಆತನೂ ನಕ್ಕು, ತಲೆಯೆತ್ತಿ ನೇರವಾಗಿ ನನ್ನನ್ನೇ ಕೇಳಿದ: "ನೀವು ಖರೇನ ಎದಕ್ಕ ಬಂದೀರಿ?"

ಆ ಮನೆಯಲ್ಲಿ ಅದನ್ನು ಕೇಳಿದವನು ಅವನೊಬ್ಬನೇ. ಆ ಉಪಕಾರಕ್ಕಾಗಿ ನಾನು ಅಷ್ಟು ಜನರ ನಡುವೆ ಬಾಯಿಬಿಟ್ಟೆ. "ಹೊಂಡ ನೋಡಾಕ ಬಂದೇನ್ರಿ. ಮೋಟಾರು ಬರೂದ್ರೊಳಗ ನೋಡಬೇಕು."

ಆತ ಮಗ್ಗದಿಂದ ಎದ್ದ ವೇಗ ನೋಡಿದರೆ, ನನಗಿಂತ ಅವನಿಗೇ ಬಿಡುಗಡೆಯಾದಂತಿತ್ತು. "ಬರ್ರಿ, ಲಗೂ ಹೋಗೂಣು" ಎಂದ.

ಹೋದೆವು, ಆದರೆ ಇಬ್ಬರೇ ಅಲ್ಲ. ಅತ್ತೆ, ಈರವ್ವ, ಓಣಿಯ ಹೆಂಗಸರು, ಆ ಮುದುಕಿ, ಎಲ್ಲರೂ ಹಿಂದೆ. ಹೊಂಡ ನಿಜವಾಗಿಯೂ ಸುಂದರವಾಗಿತ್ತು. ಅಷ್ಟನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಮೆಟ್ಟಿಲಿಳಿದು ಬಾಗಿದರೆ ನೀರು ಹಸಿರಾಗಿತ್ತು, ಅದರ ತುಂಬ ಹಿಂದೆ ನಿಂತ ಹೆಂಗಸರ ಮುಖಗಳು. ತಳ ಕಾಣಲಿಲ್ಲ.

"ಯವ್ವಾ, ನೀರ ನೋಡಾಕತ್ತಾಳಲ್ಲ! ಹುಡುಗನ್ನ ಒಟ್ಟ ನೋಡವಲ್ಲಳು" ಎಂದಿತು ಒಂದು ಮುಖ.

"ನೀ ಸುಮ್ನಿರು, ನೀರಾಗ ಅವನೂ ಕಾಣತಾನ" ಎಂದಿತು ಇನ್ನೊಂದು.

ಆದರೂ ಸೋಮವಾರ ಕಸ್ತೂರಿ ಬಿಡುವುದಿಲ್ಲವಲ್ಲ. "ಇದರ ತಳಾ ಯಾವಾಗರೆ ಕಾಣತೈತೇನ್ರಿ?" ಎಂದು ಆತನನ್ನೇ ಕೇಳಿದೆ.

"ನಾ ಸಣ್ಣಾಂವ ಇದ್ದಾಗಿಂದ ಈ ನೀರಾಗ ಈಸ ಬಿದ್ದೇನ್ರಿ. ತಳಾ ನೋಡಿಲ್ಲ, ಮುಟ್ಟೇನಿ" ಎಂದ. "ಕೆಸರು ಬೆಣ್ಣಿಯಂಗ ಇರತೈತಿ. ಭಾಳ ತಣ್ಣಗ. ಇದನ್ನ ಇಲ್ಲೀತನಕ ಯಾರೂ ಕೇಳಿದ್ದಿಲ್ಲ ನೋಡ್ರಿ."

ಇನ್ನೂ ಕೇಳಬೇಕಾದದ್ದು ಬಹಳ ಇತ್ತು. ಅಷ್ಟರಲ್ಲಿ ಮೋಟಾರಿನ ಹಾರ್ನು ಕೇಳಿತು. ಡ್ರೈವರನಿಗೆ ಯಾರು ಏನು ಹೇಳಿದ್ದರೋ, ನಾನು ಏದುಸಿರು ಬಿಡುತ್ತ ಬರುವವರೆಗೂ ತಾಳ್ಮೆಯಿಂದ ನಿಲ್ಲಿಸಿಕೊಂಡಿದ್ದ. "ಸಾವಕಾಶ ಬರ್ರಿ ಅಕ್ಕಾರ. ಇಂಥಾ ಕೆಲಸಾ ಗಡಬಡಿಸಿ ಮಾಡಬಾರ್ದು" ಎಂದ.

ಸೋಮವಾರ ನಾನು ಗಂಭೀರವಾದ ಮುಖ ಹೊತ್ತು ತರಗತಿಗೆ ಹೋದೆ. ಹುಡುಗಿಯರು ಅಂದು ಎಂದಿಲ್ಲದಷ್ಟು ಶಿಸ್ತಿನಿಂದ ಕುಳಿತಿದ್ದರು. ಮೋಟಾರಿನಲ್ಲಿ ನನ್ನ ಜೊತೆ ಸುದ್ದಿಯೂ ಬಂದಿತ್ತೆಂದು ಅದರಿಂದಲೇ ತಿಳಿಯಿತು. ಗೋಡೆಗಳ ಕೆತ್ತನೆ, ಮೆಟ್ಟಿಲುಗಳ ಸಾಲು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ, ಇದೆಲ್ಲ ಪುಸ್ತಕದಲ್ಲಿದ್ದದ್ದೇ, ನಾನು ಕಣ್ಣಾರೆ ಕಂಡದ್ದು ಬಹಳ ಸ್ವಲ್ಪ ಎಂಬ ಅನುಮಾನ ನನಗೇ ಬರತೊಡಗಿತು. ಕಸ್ತೂರಿ ಎದ್ದು ನಿಂತಳು.

"ತಳಾ ಕಾಣತಿತ್ತೇನ್ರಿ ಅಕ್ಕಾರ?"

"ಇಲ್ಲ, ನೀರು ಹಸಿರಾಗಿದೆ. ಆದರೆ ತಳದಲ್ಲಿ ಕೆಸರಿದೆ. ಬೆಣ್ಣೆಯಂತೆ ಮೆತ್ತಗೆ, ಬಹಳ ತಣ್ಣಗೆ ಇರುತ್ತದೆ" ಎಂದೆ, ಉತ್ಸಾಹದಿಂದ.

"ನೀವು ಇಳದಿದ್ರೇನ್ರಿ?"

"ಇಲ್ಲ."

"ಮತ್ತ ನಿಮಗ ಯಾರು ಹೇಳಿದ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗಿಟ್ಟುಕೊಂಡರು. ಆಧಾರ ಯಾವುದೆಂದು ಕೇಳದೆ ಇತಿಹಾಸದಲ್ಲಿ ಯಾರ ಮಾತನ್ನೂ ಒಪ್ಪಬೇಡಿ ಎಂದು ಈ ಹುಡುಗಿಯರಿಗೆ ವರ್ಷವಿಡೀ ಕಲಿಸಿದವಳು ನಾನೇ. ಎಷ್ಟು ಚೆನ್ನಾಗಿ ಕಲಿಸಿದ್ದೆನೆಂದು ಅಂದು ಗೊತ್ತಾಯಿತು. ಸೀಮೆಸುಣ್ಣದ ಖಡು ತೆಗೆದುಕೊಂಡು ತರಗತಿಗೆ ಬೆನ್ನು ಮಾಡಿ, ಗಂಟೆ ಹೊಡೆಯುವವರೆಗೂ ಕರಿಹಲಗೆಯ ಮೇಲೆ ಹೊಂಡದ ಮೆಟ್ಟಿಲುಗಳನ್ನು ಬರೆಯುತ್ತಲೇ ನಿಂತೆ. ಆ ಹೊಂಡಕ್ಕೆ ಅಷ್ಟೊಂದು ಮೆಟ್ಟಿಲುಗಳು ಖಂಡಿತ ಇಲ್ಲ.