ಅರ್ಧಕ್ಕೆ ನಿಂತ ಬಾವುಟ

ಎಲ್ಲಾ ಕೆಟ್ಟದ್ದು ಒಂದು ರಾಟೆಯಿಂದ. ಬಾವುಟದ ಕಂಬದ ತುದಿಯಲ್ಲಿ ಅಪ್ಪನ ಕಾಲದಿಂದ ಕೂತಿದ್ದ, ತುಕ್ಕು ತಿಂದ, ಅಂಗೈಯಷ್ಟು ಅಗಲದ ರಾಟೆ. ಅದನ್ನು ಬದಲಾಯಿಸು ಎಂದು ಓಡ್ಮುಂಡನಿಗೆ ಹೇಳಿದವನು ಅವನ ಅಣ್ಣ ಟೋರ್ಗೈರ್ ಒಬ್ಬನೇ. ಹೇಳಿದ ರೀತಿ ಸರಿಯಿರಲಿಲ್ಲ, ಹೇಳಿದ ಹೊತ್ತಂತೂ ಇನ್ನೂ ಕೆಟ್ಟದ್ದಾಗಿತ್ತು.

ಅದು ಹನ್ನೊಂದು ವರ್ಷದ ಹಿಂದೆ, ಅಮ್ಮ ತೀರಿಕೊಂಡಾಗ. ಅವರ ಊರು ಸ್ಕಾರ್ವಿಕದಲ್ಲಿ ಸಾವಾದ ಮನೆಯವರು ಬಾವುಟವನ್ನು ಅರ್ಧ ಕಂಬಕ್ಕೆ ನಿಲ್ಲಿಸುತ್ತಾರೆ. ಮಣ್ಣು ಮುಗಿದ ಮೇಲೆ ಅದನ್ನು ತುದಿಗೆ ಏರಿಸುತ್ತಾರೆ, ಅಲ್ಲಿಗೆ ಶೋಕ ಮುಗಿದ ಹಾಗೆ. ಅಂದು ತುದಿಗೆ ಏರಬೇಕಾದ ಬಾವುಟ ಪಾದ್ರಿಯ ಎದುರಿಗೇ, ಇಡೀ ಊರಿನ ಎದುರಿಗೇ ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು.

"ಒಂದು ರಾಟೆ ಬದಲಾಯಿಸೋಕೂ ಕೈಲಾಗ್ದೋನು ನೀನು," ಎಂದ ಟೋರ್ಗೈರ್.

"ಅಪ್ಪ ಹಾಕಿದ್ದು ಅದು. ನಾನಿರೋ ತನಕ ಅದೇ ಇರುತ್ತೆ."

"ಹಂಗಾದ್ರೆ ನೀನು ಹೋದ್ಮೇಲೇ ನಾನೀ ಮನೆಗೆ ಬರೋದು."

ಅಷ್ಟೆಂದು ದಕ್ಷಿಣದ ಬಸ್ಸು ಹತ್ತಿದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಒಂದು ಕಾಗದವಿಲ್ಲ, ಕ್ರಿಸ್ಮಸ್ಸಿಗೆ ಒಂದು ಕಾರ್ಡಿಲ್ಲ. ಓಡ್ಮುಂಡನೂ ಬರೆಯಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಓಡ್ಮುಂಡ್ ಮೂವತ್ತು ವರ್ಷ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಸೀಳಾದ ಫ್ಯೋರ್ಡಿನ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸ ಮಾಡಿದವನು. ಬೆಟ್ಟದೊಳಗೆ ಸುರಂಗ ಬಂತು, ದೋಣಿ ನಿಂತಿತು. ಅಷ್ಟು ವರ್ಷ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸಿದವನ ಮನೆಗೆ ಈಗ ಅಂಚೆಯವನೂ ಬರುತ್ತಿರಲಿಲ್ಲ, ಡಬ್ಬಿಯನ್ನು ಕೆಳಗೆ ರಸ್ತೆಗೇ ಹಾಕಿಸಿದ್ದರು. ಕೆಲವು ದಿನ ಸಂಜೆ ಬಾಯಿ ತೆರೆದರೆ, ಬೆಳಗ್ಗೆಯಿಂದ ಒಂದು ಮಾತೂ ಆಡಿಲ್ಲವೆಂದು ಗಂಟಲು ಕರಕರ ಎಂದಾಗಲೇ ಅವನಿಗೆ ಗೊತ್ತಾಗುತ್ತಿತ್ತು.

ಅಂಥವನಿಗೆ ಈ ಅಕ್ಟೋಬರಿನಲ್ಲಿ ಅದೃಷ್ಟ ಖುಲಾಯಿಸಿತು. ಉತ್ತರದ ಕರಾವಳಿ ಸುತ್ತುವ ಪ್ರವಾಸಿ ಹಡಗು ವರ್ಷದ ಕೊನೆಯ ಸುತ್ತಿನಲ್ಲಿ ಸ್ಕಾರ್ವಿಕದ ಮುಂದೆ ಲಂಗರು ಹಾಕಲಿತ್ತು. ಪ್ರವಾಸಿಗಳು ರಬ್ಬರ್ ದೋಣಿಯಲ್ಲಿ ದಡಕ್ಕೆ ಬಂದು, ಊರಿನ ಒಂಬತ್ತು ಮನೆಗಳಲ್ಲಿ ಹಂಚಿಕೊಂಡು ಕಾಫಿ ಕುಡಿಯುವುದೆಂದು ಏರ್ಪಾಡು. ಊರ ಸಮಿತಿಯ ಅಧ್ಯಕ್ಷ ಹಾಲ್ವರ್ಡ್ ಮೇಷ್ಟ್ರು ಮೊದಲು ಎಂಟೇ ಮನೆ ಬರೆದಿದ್ದರು. "ನಿಂಗ್ಯಾಕಯ್ಯಾ ತೊಂದರೆ, ಒಂಟಿ ಮನುಷ್ಯ," ಎಂದರು. "ಒಂಟಿ ಅಂತಾನೇ ಕೇಳ್ತಿರೋದು ಮೇಷ್ಟ್ರೇ," ಎಂದ ಓಡ್ಮುಂಡ್. ಹಡಗಿನಿಂದ ಬಂದ ಪಟ್ಟಿಯಲ್ಲಿ ಅವನ ಮನೆಗೆ ಆರು ಜನ ಎಂದಿತ್ತು. ಹೆಸರಿರಲಿಲ್ಲ, ಬರೀ ಸಂಖ್ಯೆ. ಅವನು ಅಟ್ಟದಿಂದ ಅಮ್ಮನ ಆರು ಬಟ್ಟಲು ಇಳಿಸಿ, ಒಂದೇ ದಿನ ಎರಡು ಸಲ ತೊಳೆದ.

ಶನಿವಾರ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಅತಿಥಿಗಳ ಗೌರವಕ್ಕೆಂದು ಬಾವುಟ ಏರಿಸಲು ಹೋದ. ಅರ್ಧ ಏರಿತು, ನಿಂತಿತು. ಎಳೆದ, ಅಲ್ಲಾಡಿಸಿದ, ಅಪ್ಪನನ್ನೂ ಅಣ್ಣನನ್ನೂ ಒಟ್ಟಿಗೆ ಬೈದ. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಏಣಿ ತರೋಣವೆಂದು ತಿರುಗುವಷ್ಟರಲ್ಲಿ ಒಳಗಿನಿಂದ, ಅತಿಥಿಗಳಿಗೆಂದು ಒಲೆಯ ಮೇಲಿಟ್ಟಿದ್ದ ವಾಫಲ್ ರೊಟ್ಟಿ ಸೀದ ವಾಸನೆ ಬಂತು. ಅಡುಗೆಮನೆಗೆ ಓಡಿದ.

ಸ್ಕಾರ್ವಿಕದಲ್ಲಿ ಯಾರ ಮನೆಯ ಹೊಗೆ ಎತ್ತ ತಿರುಗಿತು ಎನ್ನುವುದನ್ನೂ ನೋಡುವವಳು ನೆರೆಮನೆಯ ಬೋರ್ಗಿಲ್ಡ್. ಹತ್ತೇ ನಿಮಿಷದಲ್ಲಿ ಕರಿ ಕೋಟು ತೊಟ್ಟು, ಕೈಯಲ್ಲಿ ಕೇಕಿನ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಯಾರಪ್ಪಾ ಹೋದೋರು?" ಎಂದಳು ಮೆಲ್ಲಗೆ.

ಓಡ್ಮುಂಡ್ ಸೀದ ವಾಫಲನ್ನು ಕಾವಲಿಯಿಂದ ಬಿಡಿಸುತ್ತಿದ್ದ. "ಯಾರೂ ಇಲ್ಲ ಅಕ್ಕಾ, ಆ ರಾಟೆ..."

"ರಾಟೆ." ಬೋರ್ಗಿಲ್ಡ್ ಕಣ್ಣರಳಿಸಿದಳು. ಆ ಊರಲ್ಲಿ ರಾಟೆ ಎಂದರೆ ಎಲ್ಲರಿಗೂ ನೆನಪಾಗುವುದು ಒಂದೇ ಜಗಳ. "ಅಯ್ಯೋ ದೇವರೇ. ಟೋರ್ಗೈರಾ? ಟೋರ್ಗೈರ್ ಹೋದ್ನಾ?"

ಅದೇ ಗಳಿಗೆಗೆ ಓಡ್ಮುಂಡನ ಹೆಬ್ಬೆರಳು ಕಾದ ಕಾವಲಿಗೆ ತಾಗಿತು. ಅವನು ಹಲ್ಲು ಕಚ್ಚಿ ಸುಯ್ಯೆಂದು ಉಸಿರು ಒಳಗೆಳೆದ.

ಬೇರೆ ಊರಲ್ಲಾಗಿದ್ದರೆ ಇದಕ್ಕೆ ಕೈ ಸುಟ್ಟಿತು ಎಂದು ಅರ್ಥ. ಸ್ಕಾರ್ವಿಕದವರು ಹೌದು ಎನ್ನಬೇಕಾದರೆ ಬಾಯಿ ಬಿಡುವುದಿಲ್ಲ, ಹೀಗೇ ಉಸಿರು ಒಳಗೆಳೆದುಕೊಳ್ಳುತ್ತಾರೆ. ಮದುವೆಯಲ್ಲಿ ಪಾದ್ರಿ ಕೇಳಿದರೂ ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಓಡ್ಮುಂಡ್ ಮಾತೇ ಆಡಿರಲಿಲ್ಲ, ಆದರೂ ಎಲ್ಲಾ ಹೋಯಿತು.

ಅವನು ಬೆರಳನ್ನು ತಣ್ಣೀರಿಗೆ ಹಿಡಿದು ತಿರುಗುವಷ್ಟರಲ್ಲಿ ಬೋರ್ಗಿಲ್ಡ್ ಅವನನ್ನು ತಬ್ಬಿಕೊಂಡಿದ್ದಳು. ಅವನನ್ನು ಯಾರಾದರೂ ಮುಟ್ಟಿ ನಾಲ್ಕು ವರ್ಷವಾಗಿತ್ತು. ಅದೂ ಹಲ್ಲಿನ ಡಾಕ್ಟರು. ಇಲ್ಲ ಅಕ್ಕಾ, ಅದು ಹಾಗಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಇನ್ನೊಂದು ಗಳಿಗೆ ಹೀಗೇ ಇರಲಿ, ಆಮೇಲೆ ಹೇಳೋಣ ಎಂದುಕೊಂಡ. ಆ ಗಳಿಗೆ ಮುಗಿಯುವಷ್ಟರಲ್ಲಿ ಅವಳು ಆಚೆ ಓಡಿಹೋಗಿದ್ದಳು.

ಒಂದು ಮನೆಯ ಬಾವುಟ ಅರ್ಧಕ್ಕಿಳಿದರೆ ನೆರೆಯವರೂ ಇಳಿಸಬೇಕು. ಹತ್ತು ಗಂಟೆಗೆ ಸ್ಕಾರ್ವಿಕದ ಒಂಬತ್ತೂ ಬಾವುಟಗಳು ಅರ್ಧ ಕಂಬದಲ್ಲಿ ತಲೆ ತಗ್ಗಿಸಿದ್ದವು. ಓಡ್ಮುಂಡನ ಮನೆ ತುಂಬಿತ್ತು. ಕೇಕು, ಮೀನಿನ ಸಾರು, ಯಾರೋ ತಂದ ಎರಡು ಕುರ್ಚಿ. ಎಂಟು ಮನೆಯವರೂ ಅಮ್ಮನ ಆರು ಬಟ್ಟಲಿನಲ್ಲಿ ಸರದಿಯ ಮೇಲೆ ಕಾಫಿ ಕುಡಿಯುತ್ತಿದ್ದರು.

"ಎಂಥಾ ಮನುಷ್ಯ ಟೋರ್ಗೈರ್," ಎಂದರು ಹಾಲ್ವರ್ಡ್ ಮೇಷ್ಟ್ರು.

"ಹಟಮಾರಿ," ಎಂದ ಓಡ್ಮುಂಡ್.

"ಹೌದೌದು, ಒಳ್ಳೆಯವರೆಲ್ಲಾ ಹಂಗೇನೇ. ನಂಗೆ ಲೆಕ್ಕದಲ್ಲಿ ಒಂದ್ಸಲಾನೂ ತಲೆ ನೋವು ಕೊಡ್ಲಿಲ್ಲ ಅವನು."

"ಅವನು ನನ್ನ ಲೆಕ್ಕ ನೋಡಿ ಬರೀತಿದ್ದ ಮೇಷ್ಟ್ರೇ."

ಎಲ್ಲರೂ ನಕ್ಕರು. ಓಡ್ಮುಂಡನೂ ನಕ್ಕ. ಅಣ್ಣನ ಬಗ್ಗೆ ಹನ್ನೊಂದು ವರ್ಷದಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಈಗ ಆಡುತ್ತಿದ್ದರೆ, ಅವನು ನಿಜವಾಗಿ ಸತ್ತರೂ ತನಗೆ ಯಾರು ತಿಳಿಸುತ್ತಾರೆ ಎಂದು ಭಯವಾಯಿತು. ನಿಜ ಹೇಳಿಬಿಡಬೇಕು ಎನಿಸಿತು. ಹೇಳಿದರೆ ಇವರೆಲ್ಲಾ ಎದ್ದು ಹೋಗುತ್ತಾರೆ ಎಂದೂ ಎನಿಸಿತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತ. ಹನ್ನೊಂದಕ್ಕೆ ಆರು ಜನ ಬಂದಮೇಲೆ ಆ ಗಡಿಬಿಡಿಯಲ್ಲಿ ಮೆಲ್ಲಗೆ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಹನ್ನೊಂದಕ್ಕೆ ಬಿಳಿ ಹಡಗು ಫ್ಯೋರ್ಡಿನ ತಿರುವಿನಲ್ಲಿ ಕಂಡಿತು. ಓಡ್ಮುಂಡ್ ಎದ್ದು ನಿಂತ. "ಅತಿಥಿಗಳು ಬಂದ್ರು."

"ನೀನು ಕೂತ್ಕೊ," ಎಂದು ಮೇಷ್ಟ್ರು ಅವನ ಭುಜ ಒತ್ತಿ ಕೂರಿಸಿದರು. "ಇಂಥಾ ದಿನ ಅವರಿಗೆಲ್ಲಾ ಕಾಫಿ ಕೊಡ್ತಾ ಕೂರ್ತೀಯಾ? ಇವತ್ತು ಯಾರ ಮನೇಲೂ ಬೇಡ ಅಂತ ನಾನು ಹೋಗಿ ಹೇಳ್ತೀನಿ."

"ಬರ್ಲಿ ಮೇಷ್ಟ್ರೇ, ಪರವಾಗಿಲ್ಲ. ವಾಫಲ್ ಇನ್ನೂ ಇದೆ."

"ದುಃಖದಲ್ಲಿ ಏನೇನೋ ಮಾತಾಡ್ತಿದಾನೆ," ಎಂದಳು ಬೋರ್ಗಿಲ್ಡ್. ಬಾಗಿಲ ಕಡೆ ಹೊರಟವನನ್ನು ಇಬ್ಬರು ಗಂಡಸರು ಪ್ರೀತಿಯಿಂದಲೇ ಹಿಡಿದು ಕೂರಿಸಿದರು.

ಕಿಟಕಿಯಿಂದ ಅವನು ನೋಡುತ್ತಲೇ ಇದ್ದ. ಹಡಗಿನ ಕೆಲಸದ, ಕೆಂಪು ಜಾಕೆಟಿನ ಹುಡುಗಿಯೊಬ್ಬಳು ರಬ್ಬರ್ ದೋಣಿಯಲ್ಲಿ ಒಬ್ಬಳೇ ದಡಕ್ಕೆ ಬಂದಳು. ಮೇಷ್ಟ್ರು ಟೊಪ್ಪಿಗೆ ತೆಗೆದು ಏನೋ ಹೇಳಿದರು, ಮೇಲಿನ ಮನೆಯತ್ತ ಕೈ ತೋರಿಸಿದರು. ಅವಳು ತಲೆ ಬಾಗಿಸಿ ವಾಪಸು ಹೋದಳು. ಅರ್ಧ ಗಂಟೆಯಾದ ಮೇಲೆ ಮತ್ತೆ ಬಂದು ಮೇಷ್ಟ್ರ ಕೈಗೆ ದುಂಡಗಿನದೇನನ್ನೋ ಕೊಟ್ಟು ಹೊರಟಳು. ಹಡಗು ತನ್ನ ಬಾವುಟವನ್ನು ಒಮ್ಮೆ ಇಳಿಸಿ, ಏರಿಸಿ, ನಿಧಾನಕ್ಕೆ ಮೂತಿ ತಿರುಗಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಓಡ್ಮುಂಡ್ ತೊಳೆದಿಟ್ಟ ಒಂದು ಬಟ್ಟಲನ್ನು ಸುಮ್ಮನೆ ಮತ್ತೆ ಒರೆಸಿದ.

ಮೇಷ್ಟ್ರು ಏದುಸಿರು ಬಿಡುತ್ತಾ ಮೇಲೆ ಬಂದರು. ಕೈಯಲ್ಲಿದ್ದದ್ದು ಒಂದು ಹೂವಿನ ಚಕ್ರ, ಶವಪೆಟ್ಟಿಗೆಯ ಮೇಲಿಡುವಂಥದ್ದು. ಹಡಗಿನ ಊಟದ ಮೇಜಿನ ಹೂಗಳನ್ನೇ ಕಿತ್ತು ಕಟ್ಟಿದ್ದರು.

"ಸಂಸ್ಕಾರ ಇರೋ ಜನ ಕಣಯ್ಯಾ," ಎಂದರು. "ಓಡ್ಮುಂಡ್ ಮನೇಲಿ ಸಾವಾಗಿದೆ ಅಂದೆ, ಅಷ್ಟೇ. ಯಾರು, ಏನು ಅಂತ ಒಂದು ಮಾತೂ ಕೇಳ್ಲಿಲ್ಲ. ಇದ್ರಲ್ಲೊಂದು ಚೀಟಿ ಬೇರೆ ಇದೆ, ಓದ್ತೀನಿ ಇರು." ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ಓದುವ ದನಿಯಲ್ಲೇ ಶುರು ಮಾಡಿದರು:

"ಓಡ್ಮುಂಡ್, ನೀನು ಹೋದ್ಮೇಲೇ ಬರ್ತೀನಿ ಅಂದಿದ್ದೆ. ಹಾಗೇ ಆಯ್ತು. ನಿನ್ನ ಮನೆಗೆ ಕಾಫಿಗೆ ಬರಬೇಕಾಗಿದ್ದ ಆರು ಜನರಲ್ಲಿ ನಾನೂ ಒಬ್ಬ. ಬಸ್ಸಲ್ಲಿ ಬರೋಕೆ ನಾಚಿಕೆಯಾಗಿ ಹಡಗಲ್ಲಿ ಬಂದೆ. ಈಗ ದಡಕ್ಕೆ ಇಳಿಯೋಕೂ ಮುಖ ಇಲ್ಲ. ನಿನಗೆ ಅಂತ ತಂದಿದ್ದನ್ನ ಇದಕ್ಕೇ ಕಟ್ಟಿದೀನಿ. ನಿನ್ನ ಅಣ್ಣ, ಟೋರ್ಗೈರ್."

ಹೂಗಳ ನಡುವೆ, ಕರಿ ರಿಬ್ಬನ್ನಿನ ತುದಿಗೆ, ಹೊಳೆಯುವ ಹೊಸ ಹಿತ್ತಾಳೆಯ ರಾಟೆಯೊಂದು ತೂಗುತ್ತಿತ್ತು.

ಸತ್ತವನು ಬದುಕಿದ್ದವನಿಗೆ ಹೂ ಕಳಿಸಿದ್ದ.

"ಹಂಗಾದ್ರೆ," ಎಂದಳು ಬೋರ್ಗಿಲ್ಡ್ ಮೆಲ್ಲಗೆ, "ನಾವು ಬೆಳಗ್ಗೆಯಿಂದ ಅತ್ತಿದ್ದು ಯಾರಿಗೆ?"

ಓಡ್ಮುಂಡ್ ಆಗಲೇ ಅಂಗಳದಲ್ಲಿದ್ದ. ಹಡಗು ಇನ್ನೂ ಕಾಣುತ್ತಿತ್ತು. ಹಿಂಭಾಗದ ಕಟಕಟೆಗೆ ಒರಗಿ ಒಬ್ಬ ನಿಂತಿದ್ದ, ಟೊಪ್ಪಿಗೆಯಿಲ್ಲದೆ, ಒಂದು ಭುಜ ವಾಲಿಸಿಕೊಂಡು. ಆ ಭುಜವನ್ನು ಓಡ್ಮುಂಡ್ ಎಲ್ಲಿ ಕಂಡರೂ ಗುರುತಿಸಬಲ್ಲ. "ಟೋರ್ಗೈರ್, ಇಲ್ಲಿದೀನಿ ಕಣೋ," ಎಂದು ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಅದು ದಡವನ್ನೂ ದಾಟಲಿಲ್ಲ. ಕೈ ಬೀಸಿದ. ಅವನ ಹಿಂದೆ ಅಂಗಳದ ತುಂಬ ಊರಿನ ಜನ ಕರಿ ಬಟ್ಟೆಯಲ್ಲಿ ನಿಂತು ತಾವೂ ಕೈ ಬೀಸಿದರು. ಅಷ್ಟು ದೂರಕ್ಕೆ ಯಾರು ಯಾರೆಂದು ಹೇಗೆ ತಿಳಿಯಬೇಕು?

ಬೇರೇನೂ ತೋಚದೆ ಓಡ್ಮುಂಡ್ ಹಗ್ಗಕ್ಕೆ ಜೋತುಬಿದ್ದ. ಬಾವುಟ ಸರಿಯಾದರೆ ಸಾವಿಲ್ಲವೆಂದು ಅಣ್ಣನಿಗೆ ತಿಳಿದೀತು. ಮೂವತ್ತು ವರ್ಷ ದೋಣಿಯ ಹಗ್ಗ ಕಟ್ಟಿದ ಕೈಗಳ ಬಲವನ್ನೆಲ್ಲಾ ಹಾಕಿ ಎಳೆದ. ರಾಟೆ ಹಂದಿಯ ಹಾಗೆ ಕಿರುಚಿತು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಂದು ಸುತ್ತು ಪೂರ್ತಿ ತಿರುಗಿತು, ಬಾವುಟ ಸರ್ರೆಂದು ತುದಿಗೇರಿ ಗಾಳಿಗೆ ಬಿಚ್ಚಿಕೊಂಡಿತು.

ಹಡಗಿನ ಹಿಂಭಾಗದಲ್ಲಿದ್ದವನು ಅದನ್ನು ನೋಡಿದ. ತಲೆ ಬಾಗಿಸಿದ. ಎದೆಯ ಮೇಲೆ ಕೈಯಿಟ್ಟುಕೊಂಡ. ಹಡಗು ಒಂದು ಉದ್ದನೆಯ ಕೂಗು ಹಾಕಿ ಬೆಟ್ಟದ ಮರೆಗೆ ಸರಿಯಿತು.

"ಮಣ್ಣು ಮುಗೀತು ಅಂದ್ಕೊಂಡ," ಎಂದರು ಹಾಲ್ವರ್ಡ್ ಮೇಷ್ಟ್ರು.

ಮೇಷ್ಟ್ರೇ ಹಡಗಿನ ಕಚೇರಿಗೆ ಫೋನು ಹಚ್ಚಿ ಕೊಟ್ಟರು. "ನಾನು ಓಡ್ಮುಂಡ್, ನಮ್ಮಣ್ಣ ಅಲ್ಲಿದಾನೆ," ಎಂದ ಅವನು. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ, "ಓಡ್ಮುಂಡ್ ಅವರ ಮನೆಯವರಾ, ಹೂವು ತಲುಪಿತು ಅಂತ ಅವರಿಗೆ ಹೇಳ್ತೀವಿ," ಎಂದಳು. ಅಷ್ಟರಲ್ಲಿ ಬೆಟ್ಟ ಅಡ್ಡ ಬಂದು ಫೋನು ಸತ್ತಿತು.

ಇನ್ನು ಊರಿನವರು ಹೊರಟರು. ಎಂಟು ಬಾವುಟ ಸುಮ್ಮನೆ ಇಳಿಸಿದ್ದು ಸಾಲದೆ, ಒಂಬತ್ತು ಮನೆಯ ಅತಿಥಿಗಳೂ ತಪ್ಪಿದ್ದರು. ಎರಡು ಕುರ್ಚಿ ಹೋದವು, ಮೀನಿನ ಸಾರಿನ ಪಾತ್ರೆ ಹೋಯಿತು. ಬೋರ್ಗಿಲ್ಡ್ ಉಳಿದ ಕೇಕಿಗೆ ಮುಚ್ಚಳ ಹಾಕಿದಳು. "ಸತ್ತೋರಿಗೆ ಅಂತ ಮಾಡಿದ್ದು, ಇದ್ದೋರ ಮನೇಲಿ ಇಡಬಾರ್ದು," ಎಂದಳು.

ಸೂರ್ಯ ಮುಳುಗುವ ಮುಂಚೆ ಬಾವುಟ ಇಳಿಸಲೇಬೇಕು, ಅದು ನಿಯಮ. ಓಡ್ಮುಂಡ್ ಹಗ್ಗ ಎಳೆದ. ಬಾವುಟ ತುದಿಯಲ್ಲೇ ಸಿಕ್ಕಿಕೊಂಡಿತ್ತು. ಹೊಸ ರಾಟೆಯನ್ನು ಕಿಸೆಯಲ್ಲಿಟ್ಟುಕೊಂಡು ಏಣಿ ಹತ್ತಿದ. ಕಂಬದ ತುದಿಯಲ್ಲಿ ರಾಟೆ ಬಿಚ್ಚುವಾಗ ಬುಡದಲ್ಲಿ ಏಣಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಏಣಿ ಓಲಾಡಿತು. ಇಳಿದು ಬಂದು ಮೆಟ್ಟಿಲ ಮೇಲೆ ಕುಳಿತ.

ಮೇಷ್ಟ್ರು ಮರೆತ ಕನ್ನಡಕಕ್ಕೆಂದು ವಾಪಸು ಬಂದ ಬೋರ್ಗಿಲ್ಡ್ ಅವನನ್ನೂ ಏಣಿಯನ್ನೂ ನೋಡಿ ನಿಂತಳು. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಇಲ್ಲಿ ಒಬ್ಬನೇ ಇರ್ತೀಯಾ?" ಎಂದಳು.

ಸ್ವಲ್ಪ ಏಣಿ ಹಿಡ್ಕೋ ಅಕ್ಕಾ ಎನ್ನಲು ಓಡ್ಮುಂಡ್ ಉಸಿರನ್ನು ಒಳಗೆಳೆದುಕೊಂಡ. ಹೌದು ಎಂದನೆಂದುಕೊಂಡು ಅವಳು ಮನೆಗೆ ಹೋದಳು.