ಪಾಸ್‌ವರ್ಡ್ ಸರಿಯಿದೆ, ಹೊರಗೇ ನಿಲ್ಲಿ

ಬಾಗಿಲಲ್ಲಿ ನಿಂತವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯಭಕ್ತಿ. ಛತ್ರದಲ್ಲಿ ಪನ್ನೀರು ಚಿಮುಕಿಸುವವರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ, ಒಳಗೆ ಬಿಡುವ ಅಧಿಕಾರವಿದ್ದವರ ಮುಂದೆ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಇಂಥವನ ತಲೆಗೇ ಬಾಗಿಲು ಕಾಯುವ ಪ್ರೋಗ್ರಾಂ ಬರೆಯುವ ಕೆಲಸ ಬಿತ್ತು.

ಹಾಸನದ ಒಂದು ಆಫೀಸಿನಲ್ಲಿ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ನಾನು ಬರೆದ ಲಾಗಿನ್ ಬಲು ಉದಾರಿ. ಪಾಸ್‌ವರ್ಡ್ ಸರಿಯಿದ್ದರೆ ಸಾಕು, ಒಳಗೆ ಬಿಟ್ಟುಕೊಳ್ಳುತ್ತಿತ್ತು. ರಿಟೈರಾಗಿ ಚನ್ನರಾಯಪಟ್ಟಣದಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಹೆಡ್ ಕ್ಲರ್ಕ್ ಶಿವಣ್ಣನವರು ಈಗಲೂ ಮನೆಯಿಂದಲೇ ಲಾಗಿನ್ ಆಗಿ, ಹೊಸಬರು ಟೈಪ್ ಮಾಡಿದ್ದನ್ನೆಲ್ಲ ಪ್ರೀತಿಯಿಂದ ತಿದ್ದುತ್ತಿದ್ದರು. ಮ್ಯಾನೇಜರ್ ಕೆಂಡವಾದರು.

"ಪಾಸ್‌ವರ್ಡ್ ಅವರ್ದೇ ಸಾ, ಸರಿಯಾಗೇ ಐತೆ" ಅಂದೆ.

"ಪಾಸ್‌ವರ್ಡ್ ಐತೆ ಕಣಯ್ಯ, ಅವರಿಗಿಲ್ಲಿ ಕೆಲ್ಸ ಐತಾ? ಸೋಮವಾರ ಸರಿ ಮಾಡಿ ತೋರ್ಸು. ಇಲ್ದಿದ್ರೆ ನಿನ್ ಕಾಂಟ್ರಾಕ್ಟ್ ಮುಂದಕ್ಕೋಗಲ್ಲ."

ಭಾನುವಾರ ಹೊಳೆನರಸೀಪುರದ ಮನೆಗೆ ಹೋದೆ. ತಲೆ ಹಗುರಾದರೆ ಬುದ್ಧಿ ಓಡೀತೆಂದು ದಾರಿಯಲ್ಲಿ ಕಟಿಂಗ್ ಮಾಡಿಸಿಕೊಂಡೆ. ಬಾಗಿಲಲ್ಲಿ ಅವ್ವ "ಬಾ ಮಗ" ಅಂದವಳು, ತಲೆ ಕಂಡದ್ದೇ ಕೈ ಅಡ್ಡ ಹಿಡಿದಳು.

"ನಿಂತ್ಕೊ ಅಲ್ಲೇ! ಕಟಿಂಗ್ ಮಾಡಿಸ್ಕೊಂಡು ಅಂಗೇ ನುಗ್ತೀಯಲ್ಲೋ! ಹಿತ್ಲಾಗಿಂದ ಓಗಿ ನೀರುಯ್ಕೊಂಡ್ ಬಾ."

"ನಾನು ನಿನ್ ಮಗ ಕಣವ್ವ!"

"ಅಲ್ಲ ಅಂದೋರ್ಯಾರ್ಲಾ? ಮಗ ಆದ್ರೂ ಈಗ ಒಳೀಕ್ ಬರೋ ಅಂಗಿದೀಯಾ ಅಂತ ನೋಡ್ಬೇಡ್ವಾ?"

ಮೈ ಜುಮ್ಮೆಂದಿತು. ಮೊದಲು ನೀನು ಯಾರು, ಆಮೇಲೆ ನೀನೇ ಆದರೂ ಈಗ ಬರಬಹುದೇ. ಎರಡು ಪ್ರಶ್ನೆ! ಕಂಪ್ಯೂಟರ್ ಹುಟ್ಟುವ ಮೊದಲೇ ಇದನ್ನು ನಮ್ಮ ಹೊಸ್ತಿಲಲ್ಲಿ ಯಾರು ಕೂರಿಸಿದರೋ! ಹಿತ್ತಲಲ್ಲಿ ತಣ್ಣೀರು ಸುರಿದುಕೊಳ್ಳುತ್ತಾ ಮನಸ್ಸಿನಲ್ಲೇ ಅವ್ವನಿಗೆ ಅಡ್ಡಬಿದ್ದೆ.

ಸೋಮವಾರ ಬೆಳಗ್ಗೆಯೇ, ಪಾಸ್‌ವರ್ಡ್ ಆದಮೇಲೆ, ಕೆಲಸ ಮುಗಿಯುವ ತಾರೀಖಿಗೆ ಖಾತೆಯ ಅವಧಿಯೂ ಮುಗಿದಿದೆಯೇ ಎಂದು ನೋಡುವ ಎರಡನೇ ಕಾವಲು ಸೇರಿಸಿದೆ. ಶಿವಣ್ಣನವರು ಹೊರಗೇ ಉಳಿದರು. "ಎಲ್ಲಿ, ನೀನ್ ಓಗಿ ತೋರ್ಸು" ಅಂದರು ಮ್ಯಾನೇಜರ್. ಲಾಗೌಟ್ ಆಗಿ, ಠೀವಿಯಿಂದ ಮತ್ತೆ ನನ್ನ ಪಾಸ್‌ವರ್ಡ್ ಒತ್ತಿದೆ. "ಪಾಸ್‌ವರ್ಡ್ ಸರಿಯಿದೆ. ನಿಮ್ಮ ಖಾತೆಯ ಅವಧಿ ಮುಗಿದಿದೆ" ಎಂದಿತು. ನನ್ನ ಕಾಂಟ್ರಾಕ್ಟ್ ಹಿಂದಿನ ದಿನವೇ ಮುಗಿದಿತ್ತು. ಬರೆದವನನ್ನೂ ಬಿಡದ ಆ ನಿಷ್ಠೆಗೆ ನನ್ನ ಕೈ ಮತ್ತೆ ಜೋಡಿಸಿಕೊಂಡಿತು.

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕು, "ಕೆಲ್ಸ ಭೇಷಾಗೈತೆ ಕಣಯ್ಯ" ಎಂದು ಕಾಂಟ್ರಾಕ್ಟ್ ಮುಂದುವರಿಸಿ ಸಹಿ ಹಾಕಿಯೇಬಿಟ್ಟರು. ಇನ್ನು ಒಳಗೆ ಹೋಗಿ ನನ್ನ ಖಾತೆಗೆ ಹೊಸ ತಾರೀಖು ಹಾಕಿದರಾಯಿತು. ಆ ಅಧಿಕಾರ ಇಡೀ ಆಫೀಸಿನಲ್ಲಿ ಇದ್ದದ್ದು ನನ್ನೊಬ್ಬನಿಗೆ. ಅವ್ವನ ಮನೆಗಾದರೆ ಹಿತ್ತಲ ಬಾಗಿಲಿತ್ತು. ನಾನು ಕಟ್ಟಿದ್ದಕ್ಕೆ ಇಟ್ಟಿರಲಿಲ್ಲ.